ಮಡೆಪ್ಪ ಕಾಕಾನ ಡಿಬೇಟು

ಹೆಣ್ಣು ಕೇಳಲು ಕರೆದುಕೊಂಡು ಹೋದ ಹಿರಿಯನೇ ಹೆಣ್ಣಿನವರ ಪರ ನಿಂತರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ? ನನಗಂತೂ ಇಂದಿಗೂ ಮೈ ಉರಿಯುತ್ತದೆ.

ಮಡೆಪ್ಪ ನನ್ನ ತಂದೆಯ ತಮ್ಮ. ಮೋರಖಂಡಿಯಲ್ಲಿ ಕುರಿ ಕಾಯುತ್ತಿದ್ದ. ಬೇನೆ ಬಂದು ಹಿಂಡು ಕರಗಿದಾಗ ಹುಮನಾಬಾದಿಗೆ ಹೋಗಿ ಜಲಾಲುದ್ದೀನ್ ಮಾಸ್ತರರ ಮನೆಯಲ್ಲಿ ಮೂರು ವರ್ಷ ನೀರು ಹೊತ್ತ. ಮಾಸ್ತರರು ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಕಾಕಾ ಕೊಡ ಇಳಿಸಿ ಬಾಗಿಲಲ್ಲಿ ಕೂತು ಕೇಳುತ್ತಿದ್ದ. ೧೯೪೧ರಲ್ಲಿ ಊರಿಗೆ ಬರುವಾಗ ಮೂರು ಇಂಗ್ಲಿಷ್ ಮಾತು ಹೊತ್ತು ತಂದ.

"ಕುಂತು ಚಹಾ ಕುಡಕೋತ ಮಾತಾಡಿದ್ರ ಡಿಸ್ಕಸ್. ಚಹಾ ಆರಿ ಹೋಗೂತನ ಒದರಾಡಿದ್ರ ಆರ್ಗ್ಯೂ. ಡಿಬೇಟ್ ಅಂದ್ರ ಬ್ಯಾರೆನೇ. ಎದ್ದು ನಿಂದರಬೇಕು. ಮನಸಿನ್ಯಾಗ ಏನೇ ಇರಲಿ, ಎದುರಿನ ಪಕ್ಷ ಹಿಡೀಬೇಕು."

ಯಾರ ಮನೆಯಲ್ಲಿ ಜಗಳವಾದರೂ ಹೋಗಿ, "ಇದು ಡಿಸ್ಕಸ್ ಅಲ್ಲ" ಎಂದು ತೀರ್ಪು ಕೊಟ್ಟು ಬರುತ್ತಿದ್ದ. ಒಮ್ಮೆ ಅವನ ಹೆಂಡತಿ ಧೂಳಮ್ಮ ಕಾಕಿ ಸೌಟು ಎತ್ತಿ, "ಇದಕ್ಕೇನಂತಾರ್ರಿ?" ಎಂದು ಕೇಳಿದಳು.

"ಅದು ಮಾಸ್ತರ್ ಹೇಳಿಲ್ಲ," ಎಂದು ಕಾಕಾ ಹೊರಗೆ ನಡೆದ.

ಮರುವರ್ಷ ರಾಜೇಶ್ವರದ ದೇವಿಂದ್ರಪ್ಪನ ಮಗಳು ಬಾಳಮ್ಮನನ್ನು ನನಗೆ ಕೇಳಲು ಹೋದೆವು. ನನಗೆ ಅವಳೇ ಬೇಕಿತ್ತು. ಅಪ್ಪ ಇರಲಿಲ್ಲ, ಮಾತಾಡಬೇಕಾದವನು ಕಾಕಾ. ಹಿರಿಯರು ಒಪ್ಪಿ ಬಾಯಿಗೆ ಸಕ್ಕರೆ ಹಾಕುವವರೆಗೆ ನಮ್ಮಲ್ಲಿ ವರ ತುಟಿ ಬಿಚ್ಚುವಂತಿಲ್ಲ.

ಸಕ್ಕರೆ ತಟ್ಟೆ ಹೊರಗೆ ಬಂದಿತ್ತು. ದೇವಿಂದ್ರಪ್ಪ ಸುಮ್ಮನೆ ರೂಢಿಗೆಂದು ಕೇಳಿದ: "ಹುಡುಗ ಹ್ಯಾಂಗ ಅದಾನ್ರಿ?"

ಕಾಕಾ ಎದ್ದು ನಿಂತ.

"ಈಗ ನಾ ಹುಡುಗಿ ಪಕ್ಷ ಹಿಡೀತೀನ್ರಿ. ಇಂವಗ ಸಿಟ್ಟು ಭಾಳ. ಹ್ವಾದ ವಾರ ಕುರಿ ಮಾತು ಕೇಳಲಿಲ್ಲಂತ ತನ್ನ ರುಮಾಲ ತಾನೇ ಹರಕೊಂಡಾನ."

"ಸುಳ್ಳು!" ನಾನು ಜಿಗಿದೆದ್ದೆ. "ಅದು ಕುರಿ ಅಲ್ಲ, ಹೋತ!"

"ನೋಡ್ರಿ, ಇದಕ್ಕ ಆರ್ಗ್ಯೂ ಅಂತಾರ," ಎಂದ ಕಾಕಾ.

ದೇವಿಂದ್ರಪ್ಪ ಸಕ್ಕರೆ ತಟ್ಟೆಯನ್ನು ಒಳಗೆ ಕಳಿಸಿದ.

ದಾರಿಯಲ್ಲಿ ಕಾಕಾ ನನ್ನ ಬೆನ್ನು ತಟ್ಟಿದ. "ಯಾಕ ಮಾರಿ ಸಣ್ಣ ಮಾಡಿ ತಮ್ಮಾ? ಡಿಬೇಟಿಗೆ ಎರಡು ಪಾಳಿ ಇರ್ತಾವ. ಎರಡನೇದು ನಿನ್ನ ಪರ. ಹೊಗಳಿ ಅಟ್ಟಕ್ಕೇರಸ್ತೀನಿ."

"ಹಂಗಾದ್ರ ಈಗೇ ತಿರುಗಿ ನಡಿ!"

"ಒಂದೇ ದಿನಕ್ಕ ಎರಡೂ ಪಕ್ಷ ಮಾಸ್ತರ್ ಕೊಡತಿದ್ದಿಲ್ಲ."

ಮುಂದಿನ ತಿಂಗಳು ಬಾಳಮ್ಮನನ್ನು ಚಿಟಗುಪ್ಪಕ್ಕೆ ಕೊಟ್ಟರು. ಕಾಕಾ ಇನ್ನೂ ನಾಲ್ಕು ವರ್ಷ ಬದುಕಿದ್ದ. ಸಿಕ್ಕಾಗಲೆಲ್ಲ ಎರಡನೇ ಪಾಳಿ ಯಾವಾಗ ಎಂದು ಕೇಳುತ್ತಿದ್ದೆ. "ನೆನಪದ, ನೆನಪದ," ಎನ್ನುತ್ತಿದ್ದ. ನನ್ನ ಪರವಾಗಿ ಒಂದೇ ಒಂದು ಒಳ್ಳೆಯ ಮಾತು ಆಡದೆಯೇ ತೀರಿಕೊಂಡ.