ಗಣಿಯವನ ಹಿತ್ತಾಳೆ ಬಿಲ್ಲೆ

ಹಿತ್ತಾಳೆಯನ್ನು ಹುಣಸೆಹುಳಿ ಹಾಕಿ ತಿಕ್ಕಿದರೆ ಒಂದು ವಾಸನೆ ಬರುತ್ತದೆ. ಹುಳಿಯೂ ಹೌದು, ರಕ್ತದ ಹಾಗೆಯೂ ಹೌದು. ಮೊನ್ನೆ ದಶಮಿಯ ದಿನ ದೇವರ ದೀಪಗಳನ್ನು ಸಿಂಕಿನಲ್ಲಿ ಹಾಕಿಕೊಂಡು ತಿಕ್ಕುತ್ತಿದ್ದಾಗ ಡಬ್ಬಿಯ ತಳದಿಂದ ಆ ಬಿಲ್ಲೆಯೂ ಬಂತು. ಅಂಗೈ ನಡುವೆ ಕೂರುವಷ್ಟು ದೊಡ್ಡದು, ಮೇಲೊಂದು ತೂತು, ನಡುವೆ ನಂಬರು. ದೇವರದ್ದಲ್ಲ. ಪಕ್ಕದ ಮನೆಯ ಮುದುಕನದ್ದು. ತಿಕ್ಕುತ್ತಾ ತಿಕ್ಕುತ್ತಾ ಕಿವಿ ತನ್ನಷ್ಟಕ್ಕೆ ಗೋಡೆಯ ಕಡೆ ಹೋಯಿತು... ಮೂರು ವರ್ಷದ ಮೇಲಾಯಿತು, ಆ ಅಭ್ಯಾಸ ಇನ್ನೂ ಹೋಗಿಲ್ಲ.

ಲಂಡನ್ನಿನ ಅಂಚಿನ ಇಲ್ಫರ್ಡಿನ ಈ ಸಾಲುಮನೆಗಳಲ್ಲಿ ಎರಡು ಮನೆಯ ನಡುವೆ ಒಂದೇ ಗೋಡೆ. ಅವನು ಕೆಮ್ಮಿದರೆ ನನಗೆ ಕೇಳುತ್ತಿತ್ತು, ನಾನು ಒಗ್ಗರಣೆ ಹಾಕಿದರೆ ಅವನಿಗೆ ಕೆಮ್ಮು ಬರುತ್ತಿತ್ತು. ಹಾಗೆ ಪರಿಚಯ. ನಾನು ಕುಂದಾಪುರದಿಂದ ಮಗನ ಮನೆಗೆ ಬಂದು ಆಗ ಒಂದು ವರ್ಷ ಆಗಿರಬಹುದು. ಮಗ ಹೋಟೆಲಿನ ಅಡುಗೆಮನೆಗೆ, ಸೊಸೆ ಆಫೀಸಿಗೆ ಹೋದರೆ ಇಲ್ಲಿ ನಾನೊಬ್ಬಳೇ, ಅಲ್ಲಿ ಅವನೊಬ್ಬನೇ. ನನಗಿಂತ ಆರು ವರ್ಷಕ್ಕೆ ದೊಡ್ಡವನು. ಉತ್ತರದ ಕಡೆಯ ಕಲ್ಲಿದ್ದಲು ಗಣಿಯಲ್ಲಿ ಮೂವತ್ತು ವರ್ಷ ದುಡಿದಿದ್ದ. ಗಣಿ ಮುಚ್ಚಿದ ಮೇಲೆ ಹೆಂಡತಿಯ ತವರೂರಾದ ಇಲ್ಲಿಗೆ ಬಂದು, ಒಂದು ಶಾಲೆಯಲ್ಲಿ ಜವಾನನಾಗಿದ್ದನಂತೆ. ಹೆಂಡತಿ ತೀರಿಹೋಗಿದ್ದಳು. ಮಗಳು ದೂರದಲ್ಲಿದ್ದಳು.

ಮೊದಲ ಸಲ ಹಿತ್ತಲ ಬೇಲಿಯ ಆಚೆಯಿಂದ ನನ್ನನ್ನು "ಡಕ್" ಎಂದು ಕರೆದ. ಸೊಸೆ ನಕ್ಕಳು. ಅವಳು ಮೈಸೂರಿನವಳು, ಮಾತು ನಯ.

"ಎಂತ ಅಂದ ಅಂವ?"

"ಬಾತುಕೋಳಿ ಅಂದ್ರು ಅತ್ತೆ. ಅವರ ಊರಲ್ಲಿ ಪ್ರೀತಿಗೆ ಹಾಗೆ ಕರೀತಾರಂತೆ."

"ನಾನ್ ಬಾತುಕೋಳಿಯಾದ್ರೆ ಅಂವ ಎಂತ, ಕಾಕಿಯಾ? ಕೇಳ್."

ಕೇಳಿದಳು. ಕಾಗೆ ಎಂದದ್ದಕ್ಕೆ ಮುದುಕ ನಕ್ಕು ನಕ್ಕು ಕೆಮ್ಮಿದ, ಕೆಮ್ಮಿ ಕೆಮ್ಮಿ ಬೇಲಿ ಹಿಡಿದುಕೊಂಡ. ಆ ಕೆಮ್ಮು ನೋಡಿ ನನ್ನ ನಗು ನಿಂತಿತು.

ಅವನ ಮುಂಗೈ ಮೇಲೆ, ಹಣೆ ಮೇಲೆ ನೀಲಿ ಗೆರೆಗಳಿದ್ದವು. ಹಚ್ಚೆ ಎಂದುಕೊಂಡಿದ್ದೆ, ಅಲ್ಲ. ಗಾಯ ಮಾಯುವಾಗ ಚರ್ಮದ ಒಳಗೇ ಉಳಿದುಬಿಟ್ಟ ಕಲ್ಲಿದ್ದಲ ಪುಡಿಯಂತೆ. ಎದೆಯೊಳಗೂ ಅದೇ ಪುಡಿ. ಭಾನುವಾರ ಸೊಸೆ ನಡುವೆ ನಿಂತು ಅವನ ಮಾತು ನನಗೆ, ನನ್ನ ಮಾತು ಅವನಿಗೆ ದಾಟಿಸುತ್ತಿದ್ದಳು. ಮೊಣಕಾಲಷ್ಟು ಎತ್ತರದ ಸಂದಿಯಲ್ಲಿ ಮಗ್ಗುಲಾಗಿ ಮಲಗಿ ಅಗೆದದ್ದು, ವರ್ಷವೆಲ್ಲ ಬಿಸಿಲು ಕಾಣದ ಕುದುರೆಗಳು, ಒಂದು ವರ್ಷ ನಡೆದ ಮುಷ್ಕರದಲ್ಲಿ ಹೆಂಗಸರು ಹಂಡೆಗಟ್ಟಲೆ ಬೇಯಿಸಿ ಊರಿಗೇ ಬಡಿಸಿದ್ದು, ಮುಷ್ಕರ ಮುರಿದು ಕೆಲಸಕ್ಕೆ ಹೋದ ಸ್ವಂತ ತಮ್ಮನ ಜೊತೆ ಆಮೇಲೆ ಮಾತೇ ಆಡದೆ ಉಳಿದದ್ದು... "ತಮ್ಮನ್ ಹತ್ರ ಎಂತಾ ಹಟ ಮಾರಾಯಾ" ಎಂದೆ. ಸೊಸೆ ಅದನ್ನು ಅವನಿಗೆ ದಾಟಿಸಲಿಲ್ಲ. ಬೇರೇನೋ ಹೇಳಿದಳು, ಅವನ ಮುಖ ನೋಡಿಯೇ ನನಗೆ ಗೊತ್ತಾಯಿತು.

ಇನ್ನೊಂದು ಸಂಗತಿಯನ್ನೂ ಅವನೇ ಹೇಳಿದ್ದು. ಗಣಿಯಲ್ಲಿ ತಲೆ ಮೇಲಿನ ಮಾಡು ಕುಸಿದು ಒಳಗೆ ಸಿಕ್ಕಿಬಿದ್ದವರು ಪೈಪಿಗೋ ಕಲ್ಲಿಗೋ ಮೂರು ಸಲ ಬಡಿಯುತ್ತಾರೆ, ನಿಲ್ಲಿಸುತ್ತಾರೆ, ಮತ್ತೆ ಮೂರು. ಹೊರಗೆ ಕೇಳಿಸಿದವರು ತಿರುಗಿ ಬಡಿಯಬೇಕು, ನಿಲ್ಲಿಸಬಾರದು. ಹೊರಗಿನ ಆ ಸದ್ದು ನಿಂತರೆ ಒಳಗಿನವನ ಜೀವವೂ ನಿಂತ ಹಾಗೆ ಎಂದ.

ಕೆಮ್ಮು ಜೋರಾದ ಮೇಲೆ ಸೊಸೆ, ಕೌನ್ಸಿಲಿನವರು ಕುತ್ತಿಗೆಗೆ ಹಾಕಿಕೊಳ್ಳುವ ಅಲಾರಂ ಕೊಡುತ್ತಾರೆ, ತೆಗೆದುಕೊಳ್ಳಿ ಎಂದಳು. ಗಂಟೆ ಕಟ್ಟಿಸಿಕೊಳ್ಳಲು ತಾನು ದನವಲ್ಲ ಎಂದ. ಒಳಗೆ ಹೋಗಿ ಈ ಬಿಲ್ಲೆ ತಂದ. ಗಣಿಯಲ್ಲಿ ಪ್ರತಿಯೊಬ್ಬನಿಗೂ ಒಂದು ಬಿಲ್ಲೆ, ಒಂದು ಮೊಳೆ. ಕೆಳಗೆ ಇಳಿಯುವಾಗ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ಮೊಳೆಗೆ ಹಾಕಬೇಕು. ಪಾಳಿ ಮುಗಿದ ಮೇಲೂ ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗೇ ಇದ್ದಾನೆ ಎಂದು ಅರ್ಥ. ನಮ್ಮೆರಡು ಮನೆಯ ಬಾಗಿಲು ಪಕ್ಕ ಪಕ್ಕ. ತನ್ನ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ಬಿಲ್ಲೆ ನೇತುಹಾಕಿದ. ಹೊರಗೆ ಹೋದರೆ ಜೊತೆಗೆ ಒಯ್ಯುತ್ತೇನೆ, ಬಂದು ನೇತುಹಾಕುತ್ತೇನೆ, ಕತ್ತಲಾದರೂ ಮೊಳೆ ಖಾಲಿ ಇದ್ದರೆ ಹುಡುಕಿಸಿ ಎಂದ. ಬಿಲ್ಲೆ ಕಪ್ಪಗಿತ್ತು. ಮರುದಿನ ಅವನನ್ನು ಕೇಳಿ ಒಯ್ದು ಹುಣಸೆಹುಳಿ ಹಾಕಿ ತಿಕ್ಕಿಕೊಟ್ಟೆ. ನಂಬರು ಎದ್ದು ಬಂತು. ಅವನು ಬಹಳ ಹೊತ್ತು ಅದನ್ನು ನೋಡಿದ. ಖುಷಿಯೋ ಬೇಜಾರೋ ತಿಳಿಯಲಿಲ್ಲ.

ಅಲ್ಲಿಂದ ನನಗೆ ನೆಮ್ಮದಿ ಇಲ್ಲದಾಯಿತು. ಗಂಟೆಗೊಮ್ಮೆ ಬಾಗಿಲು ತೆಗೆದು ಮೊಳೆ ನೋಡುವುದು. ಜಿಪಿ ಡಾಕ್ಟರ ಹತ್ತಿರ ಹೋದವನು ಬರುವುದು ತಡವಾದರೆ ಬೀದಿಯ ತಿರುವಿನವರೆಗೆ ಹೋಗಿ ನೋಡುವುದು. ಬಿಲ್ಲೆ ಇದ್ದು ಕೆಮ್ಮು ಕೇಳದಿದ್ದರೆ ಮತ್ತೂ ಭಯ, ಗೋಡೆಗೆ ಕಿವಿ ಇಡುವುದು. ಊರಲ್ಲಿ ಸ್ವಂತ ಗಂಡನನ್ನೂ ನಾನು ಇಷ್ಟು ಕಾಯಲಿಲ್ಲ.

ಆ ವರ್ಷ ಕ್ರಿಸ್‌ಮಸ್ಸಿಗೆ ಮೊದಲು, ಈ ದೇಶದ ಕೊನೆಯ ಆಳದ ಕಲ್ಲಿದ್ದಲು ಗಣಿಯೂ ಮುಚ್ಚಿತು ಎಂದು ಟಿವಿಯಲ್ಲಿ ಬಂತು. ಕಪ್ಪು ಮುಖದ ಗಂಡಸರು ಮೇಲೆ ಬಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಮುದುಕ ಎರಡು ದಿನ ಬೇಲಿಯ ಹತ್ತಿರ ಬರಲಿಲ್ಲ. ಮೂರನೆಯ ದಿನ ಏಕಾದಶಿ.

ಬೆಳಿಗ್ಗೆ ಒಂಬತ್ತು ಗಂಟೆಗೆ ನೋಡಿದೆ, ಮೊಳೆ ಖಾಲಿ. ಪೇಪರ್ ತರಲು ಹೋಗಿರಬೇಕು ಎಂದುಕೊಂಡೆ. ಹತ್ತು ಗಂಟೆಗೆ ಜಪಕ್ಕೆ ಕೂತಾಗ ಎಲ್ಲಿಯೋ ಟಕ್ ಟಕ್ ಟಕ್ ಎಂದಿತು. ನಿಂತಿತು. ಮತ್ತೆ ಟಕ್ ಟಕ್ ಟಕ್.

ಮಗ ಕೆಲಸಕ್ಕೆ ಹೊರಟಿದ್ದ. "ಮಗಾ, ಎಂತ ಸದ್ದದ್?"

"ಹೀಟಿಂಗ್ ಪೈಪ್ ಅಮ್ಮಾ. ಚಳಿಗಾಲ ಬಂದ್ರೆ ಇದೇ ಹಣೆಬರ. ಓನರ್ರಿಗೆ ಹೇಳಿ ಹೇಳಿ ಸಾಕಾಯ್ತ್."

ಹೌದು, ಪೈಪು ಹಿಂದೆಯೂ ಬಡಿಯುತ್ತಿತ್ತು. ಮತ್ತೆ ಬಾಗಿಲು ತೆಗೆದು ನೋಡಿದೆ, ಮೊಳೆ ಖಾಲಿ. ಅಂದರೆ ಮನೆಯಲ್ಲಿ ಜನ ಇಲ್ಲ. ಜನ ಇಲ್ಲದ ಮನೆಯಿಂದ ಬಡಿಯುವವರು ಯಾರು? ನನ್ನ ತಲೆ ಹೋದದ್ದು ಇಷ್ಟೇ ದೂರ. ಹನ್ನೆರಡಕ್ಕೂ ಕೇಳಿತು, ಒಂದಕ್ಕೂ ಕೇಳಿತು. ಆಮೇಲೆ ಇಲ್ಲ. ನಾನು ದಾರಿ ನೋಡುತ್ತಾ ಕಿಟಕಿಯಲ್ಲಿ ಕೂತಿದ್ದೆ. ಇಷ್ಟು ಚಳಿಗೆ ಎಲ್ಲಿ ಹೋದ, ಎಲ್ಲಿ ಬಿದ್ದ ಎಂದು ಬೀದಿಯನ್ನೇ ನೋಡುತ್ತಿದ್ದೆ.

ಈ ಮನೆಗಳಿಗೆ ನೆಲದಡಿಯಲ್ಲಿ ಒಂದೊಂದು ಸಣ್ಣ ಕೋಣೆ ಇದೆ, ಹಿಂದೆ ಕಲ್ಲಿದ್ದಲು ತುಂಬಿಡುತ್ತಿದ್ದರಂತೆ. ನಮ್ಮದರಲ್ಲಿ ಕುಚ್ಚಲಕ್ಕಿ ಚೀಲ. ಬೇರೆ ದಿನವಾಗಿದ್ದರೆ ಹತ್ತು ಗಂಟೆಗೆ ಅನ್ನಕ್ಕಿಡಲು ಕೆಳಗೆ ಇಳಿಯುತ್ತಿದ್ದೆ. ಏಕಾದಶಿ, ಅನ್ನ ಮಾಡುವ ದಿನವಲ್ಲ. ಮರುದಿನ ದ್ವಾದಶಿ, ಬೆಳಿಗ್ಗೆ ಬೇಗ ಪಾರಣೆ, ದೋಸೆಗೆ ನೆನೆಹಾಕಬೇಕು ಎಂದು ನಾಲ್ಕು ಗಂಟೆಗೆ ಪಾವು ಹಿಡಿದುಕೊಂಡು ಇಳಿದೆ. ಕೊನೆಯ ಮೆಟ್ಟಿಲ ಮೇಲೆ ಕಾಲಿಟ್ಟಾಗ ಕೇಳಿತು. ಒಂದೇ ಸಲ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. ಪೈಪಿನಿಂದಲ್ಲ, ಗೋಡೆಯ ಆಚೆಯಿಂದ, ನನ್ನ ಮೊಣಕಾಲಿನ ಎತ್ತರದಿಂದ.

ಪಾವಿನಿಂದ ಗೋಡೆಗೆ ಮೂರು ಬಡಿದೆ. ಆಚೆಯಿಂದ ಮೂರು ಬಂತು.

ಸೊಸೆಗೆ ಫೋನು ಮಾಡಿದೆ. "ಮುದುಕ ಕೆಳಗಿದ್ದ. ಆಂಬ್ಯುಲೆನ್ಸಿಗೆ ಹೇಳ್."

"ಕೆಳಗೆ ಅಂದ್ರೆ ಎಲ್ಲಿ ಅತ್ತೆ?"

"ನೆಲದಡಿಗೆ! ಬೇಗ ಹೇಳ್, ನಾನ್ ಬಡೀಕ್."

ಅವರು ಬಂದು ಬಾಗಿಲು ಒಡೆಯುವವರೆಗೆ ನಾನು ಅಕ್ಕಿ ಚೀಲದ ಪಕ್ಕ ಕೂತು ಬಡಿಯುತ್ತಲೇ ಇದ್ದೆ. ಪಾವಿನ ಅಂಚು ನೆಗ್ಗಿಹೋಯಿತು.

ಟಿವಿಯಲ್ಲಿ ಗಣಿ ಮುಚ್ಚಿದ್ದು ನೋಡಿ, ಗಣಿಯಲ್ಲಿ ಹಿಡಿಯುತ್ತಿದ್ದ ತನ್ನ ಹಳೆಯ ದೀಪವನ್ನು ತರಲು ಇಳಿದಿದ್ದನಂತೆ. ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದಿತ್ತು. ಬಡಿದದ್ದು ಆ ದೀಪದಲ್ಲೇ. ಮೂರನೆಯ ದಿನ ಆಸ್ಪತ್ರೆಗೆ ಹೋದೆವು. ಬಿಲ್ಲೆ ಅವನ ಮುಷ್ಟಿಯಲ್ಲಿತ್ತು. ಮನೆಯಲ್ಲೇ ಇದ್ದವರು ಅದನ್ನೇಕೆ ತೆಗೆದಿರಿ ಎಂದು ಸೊಸೆ ಕೇಳಿದಳು. ಅವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೆಳಗೆ ಇಳಿಯುವಾಗ ಯಾರಾದರೂ ಬಿಲ್ಲೆ ಬಿಟ್ಟು ಹೋಗುತ್ತಾರೆಯೇ ಎಂದ. ಮುಂಬಾಗಿಲು ತೆಗೆದು, ಚಳಿಯಲ್ಲಿ ಕೈ ಚಾಚಿ, ಬಿಲ್ಲೆ ತೆಗೆದುಕೊಂಡು, ಬಾಗಿಲು ಹಾಕಿ, ಆಮೇಲೆ ತನ್ನದೇ ಮನೆಯ ಹತ್ತು ಮೆಟ್ಟಿಲು ಇಳಿದಿದ್ದ.

ನಾನು ಸೊಸೆಗೆ ಹೇಳಿದೆ: "ಬೆಳಿಗ್ಗೆ ಹತ್ತಕ್ಕೇ ನಂಗೆ ಕೇಳಿತ್ತ್ ಅನ್. ಮೂರು ಸಲ ಕೇಳಿತ್ತ್. ಪೈಪ್ ಅಂದ್ಕಂಡೆ ಅನ್. ಆರು ಗಂಟೆ ಹೊತ್ತು ಸುಮ್ನೆ ಕೂಕಂಡಿದ್ದೆ ಅನ್."

ಅವಳು ಎರಡೇ ಮಾತು ಹೇಳಿದಳು. ನನ್ನದು ಅಷ್ಟು ಚಿಕ್ಕದಾಗಿರಲಿಲ್ಲ. ಮುದುಕ ನಕ್ಕು ನನ್ನ ಕೈಗೆ ಬಿಲ್ಲೆ ಇಟ್ಟ. ಮೊಳೆಗೆ ಹಾಕು ಡಕ್, ನಾನು ಮೇಲೆ ಬಂದೆನಲ್ಲ, ಎಂದನಂತೆ.

ಸಂಜೆಯೇ ಹಾಕಿದೆ. ಎದೆಗೆ ಕಫ ಕಟ್ಟಿ ಹನ್ನೊಂದನೆಯ ದಿನ ಅವನು ಸತ್ತ. ಆ ದಿನವೂ ಬಿಲ್ಲೆ ಮೊಳೆಯಲ್ಲೇ ಇತ್ತು. ಮನೆ ಖಾಲಿ ಮಾಡಲು ಬಂದ ಮಗಳು ದೀಪ ಒಯ್ದಳು, ಬಿಲ್ಲೆ ನನಗೆ ಕೊಟ್ಟಳು. ಈಗ ಅಲ್ಲಿ ಬೇರೆ ಜನ, ಬಾಗಿಲಿಗೆ ಬೇರೆ ಬಣ್ಣ. ಆ ದಿನ ಆಸ್ಪತ್ರೆಯಲ್ಲಿ ಸೊಸೆ ಅವನಿಗೆ ಹೇಳಿದ್ದು ಏನೆಂದು ನಾನು ಇವತ್ತಿಗೂ ಕೇಳಿಲ್ಲ. ಅವಳೂ ಹೇಳಿಲ್ಲ...

ಮೊನ್ನೆ ತಿಕ್ಕಿದ ಬಿಲ್ಲೆಯಲ್ಲಿ ನಂಬರು ಅರ್ಧ ಸವೆದಿತ್ತು. ಮರುದಿನ ಏಕಾದಶಿ. ಹತ್ತು ಗಂಟೆಗೆ ಅದನ್ನು ಕೈಯಲ್ಲಿ ಹಿಡಿದು ನೆಲದಡಿಗೆ ಇಳಿಯುತ್ತಿದ್ದಾಗ ಸೊಸೆ ಮೇಲಿನಿಂದ ಕೂಗಿದಳು.

"ಅತ್ತೆ, ಇವತ್ತು ಅಕ್ಕಿ ಬೇಡ ಅಲ್ವಾ? ಮತ್ತೆ ಯಾಕೆ ಇಳೀತಿದ್ದೀರಾ?"

"ಗೊತ್ತಿತ್ತ್" ಎಂದೆ. ಹೋಗಿ ಚೀಲದ ಪಕ್ಕ ಸ್ವಲ್ಪ ಹೊತ್ತು ನಿಂತೆ. ಏನೂ ಕೇಳಲಿಲ್ಲ. ಮೇಲೆ ಬಂದು ಬಿಲ್ಲೆಯನ್ನು ಡಬ್ಬಿಗೆ ಹಾಕಿದೆ.