ಬಂಕ್ ಮಾವನ ಮೂಗು

ನನ್ನ ಸೋದರಮಾವ ಇಪ್ಪತ್ತೆಂಟು ವರ್ಷ ಪೆಟ್ರೋಲ್ ಬಂಕಿನಲ್ಲಿ ದುಡಿದವನು. ನಮಗೆಲ್ಲ ಅವನು ಬಂಕ್ ಮಾವ. ಅವನ ಅಂಗಿಗಳಿಗೆ ಅತ್ತೆ ಬೇರೆ ಬಕೆಟ್ಟೇ ಇಟ್ಟಿದ್ದಳು. ಮನೆಯಲ್ಲಿ ಹಾಲು ಸೀದರೆ ಪಕ್ಕದ ಮನೆಯವರು ಬಂದು ಹೇಳಬೇಕು. ಒಲೆಯ ಹತ್ತಿರವೇ ಕೂತ ಇವನಿಗೆ ಗೊತ್ತಾಗುತ್ತಿರಲಿಲ್ಲ. ಅದನ್ನು ಹೇಳಿಕೊಂಡು ನಾವು ನಗುತ್ತಿದ್ದೆವು. ನಗಬಾರದಿತ್ತು.

ಬಂಕಿನ ಹಿಂದಿನ ಬೀದಿಯಲ್ಲಿ ನಮ್ಮ ಮನೆ, ಹಿತ್ತಲಲ್ಲಿ ಬಾವಿ. ಒಂದು ದಿನ ಅಮ್ಮ ನೀರು ಸೇದಿ ಮುಖ ಸಿಂಡರಿಸಿದಳು. ಪೆಟ್ರೋಲ್ ವಾಸನೆ. ಅದನ್ನು ತನ್ನ ತಮ್ಮನಿಗಿಂತ ಬಲ್ಲವರು ಯಾರು ಎಂದು ಅವನನ್ನೇ ಕರೆಸಿದಳು. ಮಾವ ಬಿಂದಿಗೆಗೆ ಮೂಗಿಟ್ಟು ಮೂರು ಸಲ ಉಸಿರೆಳೆದ.

"ಏನೂ ಇಲ್ಲ ಅಕ್ಕ, ನಿಂಗೆ ಭ್ರಮೆ. ನನ್ನ ಅಂಗಿ ವಾಸನೆ ಇರ್ಬೇಕು."

ಬೀದಿಯವರೂ ಅವನ ಮಾತು ನಂಬಿದರು. ಅಷ್ಟು ವರ್ಷ ಅದರಲ್ಲೇ ಮುಳುಗಿದ ಮೂಗಿಗೆ ಆ ವಾಸನೆ ಇನ್ನು ತಿಳಿಯುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ, ಅವನಿಗೂ. ಏಳು ತಿಂಗಳು ಅದೇ ನೀರು ಕುಡಿದೆವು. ಅಮ್ಮನಿಗೆ ತಲೆನೋವು ಬಿಡಲೇ ಇಲ್ಲ. ಕೊನೆಗೆ ಬಾವಿಯಲ್ಲಿ ಬಣ್ಣಬಣ್ಣದ ಪದರ ತೇಲಿತು. ಬಂಕಿನ ನೆಲ ಅಗೆದು ನೋಡಿದರೆ ಟ್ಯಾಂಕಿನ ತಳ ತುಕ್ಕು ಹಿಡಿದು ತೂತಾಗಿತ್ತು.

ಅಮ್ಮ ಅವನನ್ನು ಬೈಯಲಿಲ್ಲ, ಮಾತು ಬಿಟ್ಟಳು. ಬೈದಿದ್ದರೆ ಎಷ್ಟೋ ವಾಸಿ. ಅವನು ಬಂದರೆ ಕೂರಲು ಕುರ್ಚಿ ಅವನತ್ತ ಸರಿಸುತ್ತಿದ್ದಳು, ಅಷ್ಟೆ.

ನೀರು ಶುದ್ಧ ಮಾಡಲು ಬಂದ ತಂಡದವರ ಬಳಿ ಮಾವ ಕೆಲಸ ಕೇಳಿದ. "ಉಪ್ಪು ತಿಂದವನು ನೀರು ಕುಡೀಲೇಬೇಕಲ್ಲ ಸಾರ್" ಅಂದನಂತೆ. ಬೀದಿಯುದ್ದಕ್ಕೂ ಕೊಳವೆ ಇಳಿಸಿದರು. ಪಂಪು ಕೆಟ್ಟ ನೀರನ್ನು ಮೇಲೆತ್ತಿ ಇದ್ದಿಲು ತುಂಬಿದ ಪೀಪಾಯಿಗಳಲ್ಲಿ ಸೋಸುತ್ತಿತ್ತು. ಹಳೆಯ ಇದ್ದಿಲು ತೆಗೆದು ಹೊಸದು ತುಂಬುವುದು ಮಾವನ ಪಾಲು. ಮೈಯೆಲ್ಲ ಮಸಿ. ಮೂರು ತಿಂಗಳಿಗೊಮ್ಮೆ ನಮ್ಮ ಬಾವಿಯ ನೀರು ಪರೀಕ್ಷೆಗೆ ಹೋಗುತ್ತಿತ್ತು, ಪ್ರತಿ ಸಲವೂ "ಇನ್ನೂ ಇದೆ" ಎಂದೇ ಉತ್ತರ. ಪಕ್ಕದ ಮನೆಯಾಕೆ "ಕೆಟ್ಟ ಮೇಲೆ ಬುದ್ಧಿ ಬಂತು" ಎಂದು ಚುಚ್ಚಿದರೂ ಅವನು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಆಕೆಯ ಬಾಯಿಗೇ ಒಂದು ಹಿಡಿ ಇದ್ದಿಲು ತುರುಕಬೇಕು ಎನಿಸುತ್ತಿತ್ತು ನನಗೆ.

ಐದು ವರ್ಷದ ಮೇಲೆ ವರದಿ ಚೊಕ್ಕಟವಾಗಿ ಬಂತು. ಮತ್ತೊಂದು ವರ್ಷ ಪ್ರತಿ ಸಲವೂ ಹಾಗೇ ಬಂದ ಮೇಲೆ, ಕುಡಿಯಬಹುದೆಂಬ ಕಾಗದ ಕೊಟ್ಟರು. ಮಾವ ಅದನ್ನು ಹಿಡಿದು ಬಾವಿಕಟ್ಟೆಯ ಬಳಿ ನಿಂತ. ಅಮ್ಮ ಒಂದು ಕೊಡ ಸೇದಿ ಲೋಟ ತುಂಬಿದಳು.

"ಒಳ್ಳೇ ನೀರು ಅಂತ ಬರ್ದಿದಾರೆ ಅಕ್ಕ. ನನ್ನ ಮಾತು ಮಾತ್ರ ನಂಬಬೇಡ, ನಂಗೇನೂ ಗೊತ್ತಾಗಲ್ಲ. ಮೊದ್ಲು ನಾನು ಕುಡೀತೀನಿ, ಕೊಡು" ಎಂದು ಕೈ ಚಾಚಿದ.

ಅಮ್ಮ ಆ ಕೈ ನೋಡಿದಳು. ಉಗುರುಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಅವಳು ಲೋಟ ಕೊಡಲಿಲ್ಲ, ಮೂಸಲೂ ಇಲ್ಲ. ತಾನೇ ಎತ್ತಿ ಗಟಗಟನೆ ಕುಡಿದಳು.

"ನಿನ್ನ ಮೂಗನ್ನ ಯಾರು ಕೇಳಿದ್ರೋ?" ಎಂದಳು ಬಾಯಿ ಒರೆಸಿಕೊಳ್ಳುತ್ತ. "ಆರು ವರ್ಷದಿಂದ ನಿನ್ನ ಕೈ ನೋಡ್ತಾ ಇದೀನಿ."

ಆಮೇಲೆ ತಮ್ಮನಿಗೂ ಒಂದು ಲೋಟ ತುಂಬಿ ಕೊಟ್ಟಳು. ಅವನು ಅಳುತ್ತಲೇ ಕುಡಿದ, ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು.