ಬೂಚ್ ಬಿಟ್ಟ ಜಾಗ

ದಾದರಿನ ಸ್ಟುಡಿಯೋ ಹಿಂದಿನ ತಗಡಿನ ಕೋಣೆ. ಪೂರ್ವದ ಕಿಟಕಿಯ ಬೆಳಕಿಗೆ ಫಿಲ್ಮಿನ ಪಟ್ಟಿ ಹಿಡಿದು, ಬಾಯಲ್ಲೇ ಏನೋ ಗೊಣಗುತ್ತ, ಪ್ರಾಣಜೀವನ ಬೂಚ್ ಅದನ್ನು ನಿಧಾನವಾಗಿ ಎಳೆಯುತ್ತಾರೆ. ಗೊಣಗು ನಿಂತಲ್ಲಿ ಕತ್ತರಿ ಬೀಳುತ್ತದೆ. ಕಿವಿಯ ಮೇಲೆ ಬೀಡಿ ಇದೆ, ಹಚ್ಚುವ ಹಾಗಿಲ್ಲ. ಫಿಲ್ಮಿಗೆ ಒಂದು ಕಿಡಿ ಸಾಕು, ಕೋಣೆ ಬೂದಿ.

ಮೂಕಿ ಚಿತ್ರಗಳ ಪಾತ್ರಗಳಿಗೆ, ಪರದೆಯ ಮೇಲೆ ಅಕ್ಷರವಾಗಿ ಮೂಡುವ ಮಾತು ಬರೆಯುವವರು ಇವರು, ಚಿತ್ರ ಕತ್ತರಿಸಿ ಅಂಟಿಸುವವರೂ ಇವರೇ. ನಾಯಕಿಯ ಹೆಸರು ಟಾಂಗಾದವನಿಗೂ ಗೊತ್ತು, ಬೂಚ್ ಹೆಸರು ಪರದೆಗೇ ಗೊತ್ತಿಲ್ಲ. ಭಾವನಗರದಲ್ಲಿ ಅಂಗಡಿಗಳಿಗೆ ಬೋರ್ಡು ಬರೆದುಕೊಂಡಿದ್ದವರು. “ಬೋರ್ಡಲ್ಲಿ ಜಾಗ ಕಮ್ಮಿ, ಅಂಗಡಿಯವ್ನಿಗೆ ಆಸೆ ಜಾಸ್ತಿ. ಮಾತು ಕತ್ತರಿಸೋದು ಅಲ್ಲೇ ಕಲ್ತೆ” ಎನ್ನುತ್ತಾರೆ.

ಓದು ಬಂದವರು ಪರದೆಯ ಬರಹವನ್ನು ಗಟ್ಟಿಯಾಗಿ ಓದುವುದು, ಬಾರದವರು ಕೇಳಿಸಿಕೊಳ್ಳುವುದು ನಮ್ಮ ಥಿಯೇಟರುಗಳ ವಾಡಿಕೆ. ಮೊದಲ ಚಿತ್ರದಲ್ಲಿ ಬೂಚ್ ತಮ್ಮ ಓದಿನ ವೇಗಕ್ಕೇ ಕತ್ತರಿ ಹಾಕಿದ್ದರು. ಬೆಂಚಿನವರು ಅರ್ಧ ಓದುವಷ್ಟರಲ್ಲಿ ಬರಹ ಮಾಯ. ಕೊಲೆ ಮಾಡಿದವರಾರೆಂದು ತಿಳಿಯದೆ ಜನ ಬೆಂಚು ಮುರಿದರು. ಅಂದಿನಿಂದ ಎಲ್ಲರಿಗಿಂತ ನಿಧಾನವಾಗಿ ಓದುವವನ ವೇಗಕ್ಕೇ ಗೊಣಗುತ್ತಾರೆ.

ಮೊನ್ನೆ ಬಿಡುಗಡೆಯಾದ ಚಿತ್ರದಲ್ಲಿ, ಹಡಗಿನಲ್ಲಿ ಕಳೆದುಹೋದ ಮಗ ಎಷ್ಟೋ ವರ್ಷಕ್ಕೆ ತಾಯಿಯ ಬಾಗಿಲಿಗೆ ಬಂದು ನೀರು ಕೇಳುತ್ತಾನೆ. ಅವಳು ಗುರುತು ಹಿಡಿಯುತ್ತಾಳೆ. ಅಲ್ಲಿಗೆ ನಾಲ್ಕು ಸಾಲಿನ ಗೋಳು ಬೇಕೆಂದು ಮಾಲೀಕ ಹರಗೋವನ್ ಸೇಠರ ಅಪ್ಪಣೆ. ಬೂಚ್ ಬರೆದರು. ಬರೆದದ್ದನ್ನು ತೆಗೆದುಹಾಕಿ, ಆ ಜಾಗಕ್ಕೆ ತಾಯಿಯ ಮುಖವನ್ನೇ ಅಂಟಿಸಿದರು. ಸೇಠರು ಕೆಂಡವಾದರು: “ಜನಕ್ಕೆ ಅರ್ಥ ಆಗ್ದಿದ್ರೆ, ಪ್ರಾಣಭಾಯಿ, ಸೋಮವಾರದಿಂದ ಕತ್ತರಿ ಬೇರೆಯವ್ರ ಕೈಗೆ.”

ಶನಿವಾರ ಮೊದಲ ಆಟ. ಬೂಚ್ ಎಂದಿನಂತೆ ಮುಂದಿನ ಬೆಂಚಿನಲ್ಲಿ ಕೂತಿದ್ದರು. ತಾಯಿಯ ಮುಖ ಬಂತು. ಓದುವವರು ಬಾಯಿ ತೆರೆದರು, ಓದಲು ಏನೂ ಇಲ್ಲ. ಪರದೆಯ ಪಕ್ಕದ ಹಾರ್ಮೋನಿಯಂ ಕೂಡ ನಿಂತಿತು. ಬೂಚ್ ತಿರುಗಿ ನೋಡಿದರು, ಹಿಂದೆ ಸೇಠರು ಎದ್ದು ನಿಂತಿದ್ದರು.

ಆಗ ಬೆಂಚಿನ ತುದಿಯಿಂದ ಒಂದು ದನಿ. ಅಕ್ಷರವೇ ಬಾರದ, ಸದಾ ಬೇರೆಯವರಿಂದ ಓದಿಸಿಕೊಳ್ಳುವ ಮೀನು ಮಾರುವ ಮುದುಕಿ, ಪರದೆ ನೋಡುತ್ತ ಮೆಲ್ಲಗೆ ಕೇಳಿದಳು: “ಬಂದ್ಯಾ ಮಗಾ? ಉಂಡ್ಯಾ?”

ಓದು ಬಂದವರೇ ಆ ಮಾತನ್ನು ಹಿಂದಿನ ಸಾಲಿಗೆ ದಾಟಿಸಿದರು. ಅಲ್ಲಿಂದ ಅದರ ಹಿಂದಕ್ಕೆ. ಸಾಲು ಸಾಲಾಗಿ ಹೋದ ಮಾತು ಸೇಠರನ್ನು ಮುಟ್ಟಿದಾಗ ಅವರು ಕೂತುಬಿಟ್ಟರು, ಟೋಪಿ ತೆಗೆದು ಕಣ್ಣೊರೆಸಿಕೊಂಡರು.

ಇಂದು ಸೋಮವಾರ, ಕತ್ತರಿ ಬೂಚ್ ಕೈಯಲ್ಲೇ ಇದೆ. ಪರದೆಯ ಮೇಲೆ ಹೆಸರು ಬೇಡವೇ ಎಂದರೆ, ಅದನ್ನು ಓದಲು ಹಿಡಿಯುವಷ್ಟು ಫಿಲ್ಮ್ ದಂಡ ಎಂದು ನಗುತ್ತಾರೆ. ಮತ್ತೆ ಕಿಟಕಿಯ ಕಡೆ ತಿರುಗುತ್ತಾರೆ.

“ನಾಲ್ಕು ಸಾಲು ಬರ್ದಿದ್ದೆ. ಒಂದ್ರಲ್ಲೂ ಊಟದ ಮಾತು ಬಂದಿರ್ಲಿಲ್ಲ, ನೋಡಿ. ಮೀನು ಮಾರೋ ಆಯಮ್ಮನಿಗೆ ಜಾಗ ಬಿಟ್ಟಿದ್ದೆ, ಅಷ್ಟೇ.”